ದೇವರ ಜಗಲಿಯ ಮೇಲೆ ಹತ್ತನೇ ಇಯತ್ತೆ

ನಮ್ಮ ಖೋಲಿಯಲ್ಲಿ ನೆಟ್‌ವರ್ಕ್ ಸಿಗುವ ಜಾಗ ಒಂದೇ ಒಂದು ಎಂದು ಕಂಡುಹಿಡಿದವಳು ನನ್ನ ಮಗಳು. ಆ ಜಾಗ ಎಲ್ಲಮ್ಮನ ನೆತ್ತಿಯಿಂದ ಒಂದು ಗೇಣು ಮೇಲಿತ್ತು.

ವಾಸ್ಕೋದಲ್ಲಿ ಬಂದರಿನ ಮೇಲಿನ ಗುಡ್ಡಕ್ಕೆ ಅಂಟಿಕೊಂಡಂತೆ ಖೋಲಿಗಳ ಸಾಲುಗಳಿವೆ. ಅದರಲ್ಲಿ ಒಂದು ನಮ್ಮದು. ಹಿಂದೆ ಗುಡ್ಡ, ಮೇಲೆ ತಗಡು, ಬಾಗಿಲ ಮುಂದೆ ಗಟಾರ, ಗಟಾರದಾಚೆ ಮುಂದಿನ ಸಾಲಿನ ಬೆನ್ನು. ಒಳಗೆ ಒಂದು ಕೋಣೆ, ಅದಕ್ಕೆ ಅಂಟಿ ಒಂದು ಅಡಿಗೆಮನೆ. ಅಲ್ಲಿ ಒಬ್ಬರು ಬಗ್ಗಿದರೆ ಇನ್ನೊಬ್ಬರು ಹೊರಗೆ ಬರಬೇಕು. ನಮ್ಮ ಯಜಮಾನರು ಮುರ್ಮುಗಾಂವ್ ಬಂದರಿನಲ್ಲಿ ಲೋಡಿಂಗ್ ಕೆಲಸ ಮಾಡುತ್ತಾರೆ. ನಾನು ಮನೆಯಲ್ಲಿದ್ದು ದೇವರನ್ನು ನೋಡಿಕೊಳ್ಳುತ್ತೇನೆ, ದೇವರು ನಮ್ಮನ್ನು ನೋಡಿಕೊಳ್ಳುತ್ತಾರೆ. ಈ ಒಪ್ಪಂದದಲ್ಲಿ ಇಷ್ಟು ವರ್ಷ ಎರಡೂ ಕಡೆಯಿಂದ ಹೇಳಿಕೊಳ್ಳುವಂಥ ತಕರಾರು ಬಂದಿರಲಿಲ್ಲ.

ದೇವರನ್ನು ಇಡುವ ಜಾಗಕ್ಕೆ ನಮ್ಮ ಕಡೆ ಜಗಲಿ ಎನ್ನುತ್ತೇವೆ. ಊರಿನಲ್ಲಿ ಅದು ಗಿಲಾವು ಮಾಡಿದ ಕಟ್ಟೆ. ಇಲ್ಲಿ ಈಶಾನ್ಯ ಮೂಲೆಗೆ ಮೊಳೆ ಹೊಡೆದು ಕೂರಿಸಿದ ಹಲಗೆ. ನಾವು ಈ ಖೋಲಿಗೆ ಬಂದ ವರ್ಷ ನಮ್ಮ ಅತ್ತೆ ಊರಿನಿಂದ ಬಂದು, ತೆಂಗಿನಕಾಯಿ ಒಡೆದು, ಹಿತ್ತಾಳೆಯ ಎಲ್ಲಮ್ಮ, ಗಣಪತಿ, ಅನ್ನಪೂರ್ಣೆ ಮೂವರನ್ನೂ ಕೂರಿಸಿ, "ಇನ್ನ ಇವರನ್ನ ಅಳ್ಳಾಡಸಬ್ಯಾಡ" ಎಂದು ಹೇಳಿ ಹೋಗಿದ್ದರು. ಅವರ ಬೆನ್ನಿಗೆ ವೆಂಕಪ್ಪನ ಫೋಟೋ. ಫೋಟೋದ ಮೇಲೆ ಒಂದು ಗವಾಕ್ಷಿ. ಮುಂದಿನ ಸಾಲಿನ ತಗಡಿನ ಮೇಲಿಂದ ಹಾದು ಬಂದರಿನ ಗಾಳಿ, ಅದಿರಿನ ಧೂಳು ಎರಡೂ ಆ ಗವಾಕ್ಷಿಯಿಂದಲೇ ಒಳಗೆ ಬರುತ್ತವೆ. ನೆಟ್‌ವರ್ಕ್ ಕೂಡ ಅಲ್ಲಿಂದಲೇ ಬರುತ್ತದೆ ಎಂದು ಲಾಕ್‌ಡೌನ್ ಬರುವವರೆಗೆ ಯಾರಿಗೂ ಗೊತ್ತಿರಲಿಲ್ಲ.

ಮಗಳು ಆಗ ಒಂಬತ್ತು ಮುಗಿಸಿ ಹತ್ತಕ್ಕೆ ಬಂದಿದ್ದಳು. ಸಾಲಿ ಮುಚ್ಚಿತ್ತು, ಜೂನ್ ತಿಂಗಳಿಂದ ಪಾಠವೆಲ್ಲ ಫೋನಿನಲ್ಲಿ ಎಂದರು. ಮನೆಯಲ್ಲಿದ್ದದ್ದು ಒಂದೇ ದೊಡ್ಡ ಫೋನು, ಅದು ಅವರಪ್ಪನದು. ಅವರು ಅದನ್ನು ಮಗಳಿಗೆ ಬಿಟ್ಟು, ತಾವು ಗುಂಡಿಯ ಹಳೇ ಫೋನು ಜೇಬಿಗೆ ಹಾಕಿಕೊಂಡು ಬಂದರಿಗೆ ಹೋಗತೊಡಗಿದರು. ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ ದುಡಿಯುವ ಮನುಷ್ಯ, ಅವರಿಗಿದ್ದ ಒಂದೇ ಖುಷಿ ಬಂದರಿನಲ್ಲಿ ತುಂಬಿಸಿಕೊಂಡು ಬಂದ ಕುಸ್ತಿಯನ್ನು ಊಟವಾದ ಮೇಲೆ ಅದರಲ್ಲಿ ನೋಡುವುದು. ಅದನ್ನೂ ಬಿಟ್ಟುಕೊಟ್ಟರು. ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಅವರು ಹೇಳುವ ಮಾತು ಕೇಳಿ ಕೆಟ್ಟ ಅಪ್ಪ ಎಂದು ತಿಳಿಯಬಾರದು.

ಮೊದಲ ದಿನ ಹುಡುಗಿ ಫೋನು ಹಿಡಿದು ಖೋಲಿಯಲ್ಲೆಲ್ಲ ಸುತ್ತಿದಳು. ಹಾಸಿಗೆಯ ಸುರುಳಿಯ ಮೇಲೆ ಹತ್ತಿದಳು, ಬಾಗಿಲಾಚೆ ಕೈ ಚಾಚಿದಳು, ಅಡಿಗೆಮನೆಯಲ್ಲಿ ನನ್ನ ತಲೆಯ ಮೇಲೆ ಹಿಡಿದು ನಿಂತಳು. ನೋಡಿದವರು ಈ ಹುಡುಗಿ ಗೋಡೆಗಳಿಗೆಲ್ಲ ಆರತಿ ಬೆಳಗುತ್ತಿದ್ದಾಳೆ ಎನ್ನಬೇಕು. ಕಡೆಗೆ ಮೂಲೆಯಿಂದ ಕೂಗಿದಳು.

"ಅವ್ವಾ, ಇಲ್ಲಿ ಮೂರು ಗೆರಿ ಬಂದ್ವು."

"ಎಲ್ಲಿ?"

"ಎಲ್ಲಮ್ಮನ ನೆತ್ತಿ ಮ್ಯಾಗ."

"ಅಕಿ ಶಕ್ತಿ ಅದು" ಎಂದೆ.

"ಟವರ್ ಆ ಕಡೆ ಐತಿ" ಎಂದಳು.

ಹೀಗೆ ಹತ್ತನೇ ಇಯತ್ತೆ ನಮ್ಮ ಜಗಲಿಯ ಮೇಲೆ ಶುರುವಾಯಿತು. ಎಲ್ಲಮ್ಮನ ಬೆನ್ನಿಗೆ, ಗಣಪತಿಗೂ ಅನ್ನಪೂರ್ಣೆಗೂ ನಡುವೆ ಮೂರು ಡಬ್ಬಿ ಒಂದರ ಮೇಲೊಂದು ಇಟ್ಟು, ಅದರ ಮೇಲೆ ಫೋನು ನಿಲ್ಲಿಸಿ, ಕುಂಕುಮದ ಬಟ್ಟಲಿನ ಆಸರೆ ಕೊಟ್ಟೆವು. ಹುಡುಗಿ ಎದುರಿಗೆ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಗೆಳತಿಯರಿಗೆ ಹಿಂದಿನ ಹಗ್ಗದ ಮೇಲಿನ ಅವರಪ್ಪನ ಚಡ್ಡಿ ಕಾಣಬಾರದೆಂದು ಕ್ಯಾಮೆರಾ ಮುಚ್ಚಿಡುತ್ತಿದ್ದಳು. ನಾನು ಏಳು ಗಂಟೆಗೆ ಪೂಜೆ ಮುಗಿಸಿ ದೇವರ ಪಾಳಿ ಬಿಡಿಸುತ್ತಿದ್ದೆ, ಎಂಟೂವರೆಗೆ ಸಾಲಿಯ ಪಾಳಿ. ಎಲ್ಲವೂ ಇಂಗ್ಲಿಷ್. ಎಲ್ಲಮ್ಮನಿಗೆ ಆ ವರ್ಷ ವಿಜ್ಞಾನ, ಭೂಗೋಳ, ಗಣಿತ ಎಲ್ಲ ಕಿವಿಗೆ ಬಿತ್ತು. ಒಂದು ಶುಕ್ರವಾರ ನಾನು ಮರೆತು, ಪಾಠದ ನಡುವೆಯೇ ಗಂಟೆ ಬಾರಿಸಿಬಿಟ್ಟೆ. ಫೋನಿನೊಳಗಿಂದ ಗಣಿತದ ಸರ್, "ಯಾರೋ ಆರತಿ ಮಾಡ್ತಾ ಇದ್ದಾರೆ, ಪ್ಲೀಸ್ ಮ್ಯೂಟ್" ಎಂದು ಇಂಗ್ಲಿಷಿನಲ್ಲಿ ಅಂದರಂತೆ. ಒಬ್ಬ ಹುಡುಗ ಪ್ರಸಾದ ಕೇಳಿದನಂತೆ. ಮಗಳು ಆ ದಿನ ನನ್ನ ಜೊತೆ ಮಾತಾಡಲಿಲ್ಲ.

ಆ ಗಣಿತದ ಸರ್ ಅವರೇ ಕ್ಲಾಸ್ ಟೀಚರ್. ಗೋವೆಯವರು, ಮಾತು ಕೊಂಕಣಿ, ನನ್ನಂಥವರ ಜೊತೆ ಹಿಂದಿ. ಹುಡುಗಿಗೆ ಉಳಿದೆಲ್ಲ ವಿಷಯ ಹೇಗೋ ಸಾಗುತ್ತಿದ್ದವು. ಗಣಿತ ಮಾತ್ರ ನೂಕಿದರೂ ಏರದ ಬಂಡಿ.

ಜುಲೈ ತಿಂಗಳಲ್ಲಿ ಒಂದು ಸಂಜೆ ನಮ್ಮವರು ಊಟಕ್ಕೆ ಕುಳಿತು ಮಾತು ತೆಗೆದರು. ಬಂದರಿನಲ್ಲಿ ಅವರ ಗ್ಯಾಂಗಿಗೆ ಕೆಲಸ ಹಂಚುವ ಮುಕಾದಮನ ನಾದಿನಿ ಪಣಜಿಯಲ್ಲಿ ಫ್ಲ್ಯಾಟಿನಲ್ಲಿದ್ದಾರೆ, ಕೂಸು ನೋಡಿಕೊಳ್ಳಲು ಒಂದು ಹುಡುಗಿ ಬೇಕು, ಅಲ್ಲೇ ಉಣ್ಣುವುದು, ಅಲ್ಲೇ ಮಲಗುವುದು.

"ಹತ್ತು ಪಾಸಾದ್ರ ಮುಂದ ಓದ್ಲಿ, ನಾ ಏನ್ ಬ್ಯಾಡ ಅನ್ನಂಗಿಲ್ಲ" ಎಂದರು. "ಆಗ್ಲಿಲ್ಲಂದ್ರ ಮತ್ತೊಂದು ವರ್ಷ ಆ ಫೋನಿನ ಮುಂದ ಕುಂದರ್ಸಾಕ ನನ್ನ ಕಡಿಂದ ಆಗಂಗಿಲ್ಲ. ಕೂಸು ನೋಡಾಕ ಹೋಗ್ಲಿ. ಅವರೂ ಚಲೋ ಮಂದಿ ಅದಾರ."

ಹುಡುಗಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಆ ಕೂಸಿಗೂ ಆನ್‌ಲೈನ್ ಚಾಲೂ ಐತೇನು?" ಎಂದಳು. ಅವರಪ್ಪ ನಕ್ಕರು. ಆದರೆ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಹುಡುಗಿ ಮುಟ್ಟಾದಳು. ತಿಂಗಳಿಗೊಮ್ಮೆ ಆಗುವುದೇ. ನಮ್ಮಲ್ಲಿ ಮೂರು ದಿನ ಕಡೆಗೆ, ಅಂದರೆ ಹೊರಗೆ, ಕೂರಬೇಕು, ಜಗಲಿಯ ಹತ್ತಿರ ಸುಳಿಯಬಾರದು, ಕುಂಕುಮದ ಬಟ್ಟಲು ಮುಟ್ಟಬಾರದು, ನಾಲ್ಕನೇ ದಿನ ತಲೆಗೆ ಎರೆದುಕೊಂಡು ಒಳಗೆ ಬರಬೇಕು. ಊರಿನಲ್ಲಾದರೆ ಹಿತ್ತಲಿತ್ತು, ದನದ ಕೊಟ್ಟಿಗೆಯಿತ್ತು. ಇಲ್ಲಿ ಕಡೆಗೆ ಎಂದರೆ ಗಟಾರ. ಹಾಗಾಗಿ ಖೋಲಿಯೊಳಗೇ ಬಾಗಿಲ ಪಕ್ಕ ಒಂದು ಚಾಪೆ. ದೇವರಿಗೂ ಅವಳಿಗೂ ನಡುವೆ ಏಳೆಂಟು ಅಡಿ. ಆ ಏಳೆಂಟು ಅಡಿಯಲ್ಲಿ ನೆಟ್‌ವರ್ಕ್ ಸತ್ತುಹೋಗುತ್ತಿತ್ತು.

"ಅವ್ವಾ, ಕ್ಲಾಸ್ ಐತಿ."

"ಮೂರು ದಿನ ಬಿಟ್ರ ಏನ್ ಆಕ್ಕೈತಿ?"

"ಹಂಗಾರ ಹೊರಗ ಡ್ರಮ್ಮಿನ ಮ್ಯಾಗ ಹತ್ತಿ, ಗವಾಕ್ಷಿ ಕಡಿಂದ ಹಿಡಕೊಂಡು ಕೇಳ್ತೀನಿ."

ಹೊರಗೆ ಗೋವೆಯ ಮಳೆ. ಅದು ಸುರಿಯಲು ಶುರುವಾದರೆ ಡ್ರಮ್ಮೇ ತೇಲಿಕೊಂಡು ಹೋಗುತ್ತದೆ. ಬೇಡ ಎಂದೆ.

ಎರಡನೇ ದಿನ ಸರ್ ಫೋನು ಮಾಡಿದರು, ಹುಡುಗಿ ಯಾಕೆ ಬಂದಿಲ್ಲ ಎಂದು. ಇದ್ದದ್ದನ್ನು ಹೇಗೆ ಹೇಳಲಿ? ಗಂಡಸು, ಮೇಲಾಗಿ ಮಾಸ್ತರು. ನಾಲಿಗೆಗೆ ಬಂದದ್ದನ್ನು ಹೇಳಿದೆ: "ಬುಖಾರ್ ಹೈ ಸರ್." ನಮ್ಮ ಅವ್ವನೂ ನನ್ನ ಸಾಲಿಗೆ ಇದನ್ನೇ ಹೇಳುತ್ತಿದ್ದಳು. ಹೆಣ್ಣುಮಕ್ಕಳ ಜ್ವರ ಎಂದರೆ ಏನೆಂದು ನಮ್ಮೂರಿನ ಮಾಸ್ತರರಿಗೆ ತಿಳಿಯುತ್ತಿತ್ತು, ಸುಮ್ಮನಾಗುತ್ತಿದ್ದರು. ಈ ಸರ್ ಬಹಳ ಒಳ್ಳೆಯವರು. ಬಿಸಿನೀರು ಕುಡಿಸಿ, ಹಬೆ ತೆಗೆದುಕೊಳ್ಳಲು ಹೇಳಿ ಎಂದರು.

ಮುಂದಿನ ತಿಂಗಳು ಶ್ರಾವಣ. ಮತ್ತೆ ಬುಖಾರ್. ಆ ಮೂರು ದಿನಗಳಲ್ಲಿ ಗಣಿತದ ಒಂದು ಸಣ್ಣ ಪರೀಕ್ಷೆ ಹೋಯಿತು. ಗಣಪತಿ ಹಬ್ಬ ಮುಗಿದ ಮೇಲೆ ಮೂರನೇ ಸಲ ಬುಖಾರ್, ಮತ್ತೊಂದು ಪರೀಕ್ಷೆ ಹೋಯಿತು. ಇಡೀ ದೇಶವೇ ಜ್ವರ ಎಂಬ ಶಬ್ದಕ್ಕೆ ಹೆದರಿ ಬಾಗಿಲು ಹಾಕಿಕೊಂಡ ವರ್ಷದಲ್ಲಿ, ನಾನು ತಿಂಗಳಿಗೊಮ್ಮೆ ಲೆಕ್ಕ ಹಾಕಿದಂತೆ ಮಗಳಿಗೆ ಜ್ವರ ಬರಿಸುತ್ತಿದ್ದೆ. ಇದು ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಒಂದು ಬುಧವಾರ ಬೆಳಿಗ್ಗೆ. ತಲೆಯಿಂದ ಕಾಲಿನವರೆಗೆ ನೀಲಿ ಪ್ಲಾಸ್ಟಿಕ್ ತೊಟ್ಟ ಇಬ್ಬರು ಗಟಾರ ದಾಟಿ ನಮ್ಮ ಬಾಗಿಲಿಗೆ ಬಂದು ನಿಂತರು. ಆ ಹುಡುಗಿಗೆ ಜ್ವರ ಮೇಲಿಂದ ಮೇಲೆ ಬರುತ್ತಿದೆ, ಯಾರಾದರೂ ನೋಡಿ ಎಂದು ಸರ್ ಆಸ್ಪತ್ರೆಗೆ ಹೇಳಿದ್ದರು. ಸಾಲಿನ ಬಾಗಿಲುಗಳೆಲ್ಲ ಒಂದರ ಹಿಂದೊಂದು ದಡದಡ ಮುಚ್ಚಿದವು. ಪಕ್ಕದ ಖೋಲಿಯ ವೈನಿ ಮಾತ್ರ ಕಿಟಕಿಯನ್ನು ಎರಡು ಬೆರಳು ತೆರೆದಿಟ್ಟರು. ಅವರು ಮುದ್ದೇಬಿಹಾಳ ಕಡೆಯವರು, ನೋಡದೆ ಇರಲು ಅವರಿಗೆ ಆಗುವುದಿಲ್ಲ.

ನೀಲಿಯವರಲ್ಲಿ ಒಬ್ಬಳು ಹೆಂಗಸು, ಮಾತು ಧಾರವಾಡದ್ದು. "ಜ್ವರ ಯಾವಾಗಿಂದ ರೀ ಅಕ್ಕಾರ?" ಎಂದಳು.

ನಾನು ಅವಳನ್ನು ಒಳಗೆ ಕರೆದು, ನಮ್ಮವರಿಗೆ ಕೇಳದ ಹಾಗೆ, ಇದು ಆ ಜ್ವರ ಅಲ್ಲ, ಈ ಜ್ವರ ಎಂದು ತಿಳಿಸಿ ಹೇಳಿದೆ. ಅವಳು ಎಷ್ಟು ನಕ್ಕಳೆಂದರೆ ಮುಖದ ಮುಂದಿನ ಪ್ಲಾಸ್ಟಿಕ್ ಮಂಜಾಗಿ ನನಗೆ ಅವಳ ಕಣ್ಣೇ ಕಾಣಲಿಲ್ಲ.

"ಹಂಗಾದ್ರ ಹೋಗ್ರಿ ಮತ್ತ" ಎಂದೆ.

"ಹ್ಯಾಂಗ ಹೋಗ್ಲಿ ರೀ? ಪಟ್ಟಿಯೊಳಗ ಹೆಸರು ಬಂದೈತಿ. ಈಗ ಕಡ್ಡಿ ಹಾಕ್ಲೇಬೇಕು."

ಮೂವರಿಗೂ ಹಾಕಿದರು. ನಮ್ಮವರು ಬಂದರಿನಲ್ಲಿ ಏನೇನೋ ಎತ್ತಿದವರು, ಆ ಒಂದು ಕಡ್ಡಿಗೆ ಕಣ್ಣಲ್ಲಿ ನೀರು ತಂದುಕೊಂಡು ಗೋಡೆ ಹಿಡಿದರು. ಫಲಿತಾಂಶ ಬರುವವರೆಗೆ ಹೊರಗೆ ಹೋಗುವ ಹಾಗಿಲ್ಲ. ಎರಡು ದಿನ ಕೆಲಸ ಹೋಯಿತು, ಸಾರ್ವಜನಿಕ ನಳದಲ್ಲಿ ನಮ್ಮ ಕೊಡದ ಪಾಳಿ ಹೋಯಿತು. ನೀಲಿಯವರು ಹೋದ ಮೇಲೆ ಹುಡುಗಿ ಮೂಗು ಒರೆಸಿಕೊಂಡು ಚಾಪೆಯ ಮೇಲೆ ಕುಳಿತಳು.

"ಮುಟ್ಟಾದ್ರ ಮೂಗಿನ್ಯಾಗ ಕಡ್ಡಿ ಹಾಕಿಸ್ಕೊಂಡಾಕಿ ಇಡೀ ಗೋವಾದಾಗ ನಾ ಒಬ್ಬಾಕಿನ ಅವ್ವಾ."

ನಮ್ಮವರಿಗೆ ಆಗ ಗೊತ್ತಾಯಿತು. ನನ್ನನ್ನು ನೋಡಿದರು, ಜಗಲಿಯನ್ನು ನೋಡಿದರು, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಮೂವರಿಗೂ ಏನೂ ಇಲ್ಲ ಎಂದು ಫಲಿತಾಂಶ ಬಂತು. ಅದು ದೇವಿಯ ದಯೆ. ಆದರೆ ದಯೆಗೂ ಒಂದು ಬಾಲ ಇರುತ್ತದೆ. ಎರಡು ಪರೀಕ್ಷೆ ಜ್ವರದಿಂದ ತಪ್ಪಿದ್ದರೆ ಡಾಕ್ಟರ ಸರ್ಟಿಫಿಕೇಟ್ ಕೊಡಬೇಕು ಎಂದು ಸಾಲಿಯಿಂದ ಕೇಳಿದರು. ನಮ್ಮ ಕೈಯಲ್ಲಿದ್ದ ಒಂದೇ ಸರಕಾರಿ ಕಾಗದದಲ್ಲಿ ಈ ಹುಡುಗಿಗೆ ಯಾವ ರೋಗವೂ ಇಲ್ಲ ಎಂದು ಬರೆದಿತ್ತು.

ದೀಪಾವಳಿಯ ಆಚೀಚೆ ಹತ್ತನೆಯವರಿಗೆ ಮಾತ್ರ ಸಾಲಿ ತೆರೆಯಿತು. ಅರ್ಧ ಮಕ್ಕಳು ಒಂದು ದಿನ, ಇನ್ನರ್ಧ ಮರುದಿನ. ಬೆಂಚಿಗೆ ಒಬ್ಬರಂತೆ, ಬಾಯಿಗೆ ಬಟ್ಟೆ. ಹುಡುಗಿ ಮೊದಲ ದಿನ ಹೋಗಿ ಬಂದು ಚೀಲ ಇಳಿಸುವ ಮೊದಲೇ ಮಾತು ಶುರು ಮಾಡಿದಳು.

"ಸರ್ ಅಷ್ಟ ಎತ್ರ ಅದಾರಂತ ಮರ್ತ ಹೋಗಿತ್ತು ನನಗ. ಫೋನಿನ್ಯಾಗ ಗಣಪತಿ ಅಷ್ಟ ಇದ್ರು."

ಬೋರ್ಡಿನ ಮೇಲೆ ಬರೆದದ್ದು ಅಳಿಸುವ ಮೊದಲು ಕೈ ಎತ್ತಿ ಕೇಳಬಹುದಿತ್ತು. ಫೋನಿನಲ್ಲಿ ಇವಳ ಪ್ರಶ್ನೆ ಅಲ್ಲಿ ತಲುಪುವಷ್ಟರಲ್ಲಿ ಪಾಠ ಮುಂದಿನ ಊರು ದಾಟಿರುತ್ತಿತ್ತು. ತಮ್ಮದೇ ಕೋಣೆ, ತಮ್ಮದೇ ಟ್ಯಾಬ್ ಇದ್ದ ಹುಡುಗಿಯರು ಸಾಲಿ ಯಾಕಾದರೂ ತೆರೆಯಿತೋ ಎಂದು ಗೊಣಗುತ್ತಿದ್ದರಂತೆ. ನಮ್ಮ ಗುಡ್ಡದ ಮಕ್ಕಳು ಬಿಸಿಲಿಗೆ ಬಿಟ್ಟ ಕರುಗಳ ಹಾಗಿದ್ದರಂತೆ. ಆದರೆ ಎಲ್ಲರೂ ಇರಲಿಲ್ಲ. ಇವಳ ಪಕ್ಕ ಕೂರುತ್ತಿದ್ದ ಹುಡುಗಿ ಅಪ್ಪ ಅವ್ವನ ಜೊತೆ ಲಾರಿ ಹತ್ತಿ ಊರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಹಾಜರಿ ಕರೆಯುವಾಗ ಅವಳ ಹೆಸರು ಬರುತ್ತಿತ್ತು, ಸರ್ ಒಂದು ಗಳಿಗೆ ಕಾಯುತ್ತಿದ್ದರು, ಮುಂದಿನ ಹೆಸರಿಗೆ ಹೋಗುತ್ತಿದ್ದರು.

ಆ ತಿಂಗಳುಗಳಲ್ಲಿ ಹುಡುಗಿ ಮುಟ್ಟಿನ ದಿನಗಳಲ್ಲೂ ಸಾಲಿಗೆ ಹೋದಳು. ನಾನೂ ತಡೆಯಲಿಲ್ಲ. ಆರನೇ ಇಯತ್ತೆಯಿಂದಲೂ ಹೋಗಿದ್ದಾಳೆ, ಬಟ್ಟೆ ಕೊಟ್ಟು ಕಳಿಸಿದವಳು ನಾನೇ. ಒಂದು ದಿನ ಅವಳು ಬೂಟಿನ ಲಾಡಿ ಕಟ್ಟುತ್ತ ಕೇಳಿದಳು.

"ಸಾಲಿಯೊಳಗ ಸರಸ್ವತಿ ಫೋಟೋ ಐತಿ, ಅದರ ಮುಂದ ಪ್ರಾರ್ಥನಾ ಮಾಡ್ತೀವಿ. ಅಕಿಗೆ ನಡೀತೈತಿ, ನಿಮ್ಮ ಎಲ್ಲಮ್ಮಗ ಯಾಕ ನಡ್ಯಂಗಿಲ್ಲ?"

"ಸರಸ್ವತಿ ಬಿಳಿ ಸೀರಿ ಉಟ್ಟಾಕಿ, ಓದಿದಾಕಿ. ಅಕಿ ಮಾತು ಬ್ಯಾರೆ" ಎಂದೆ. ಉತ್ತರ ಚೆನ್ನಾಗಿಯೇ ಬಂತು. ಅವಳು ಹೋದ ಮೇಲೆ ಪಾತ್ರೆ ತಿಕ್ಕುತ್ತ ಯೋಚಿಸಿದರೆ ಅದರಲ್ಲಿ ಏನೂ ಇರಲಿಲ್ಲ.

ಏಪ್ರಿಲ್‌ನಲ್ಲಿ ಎರಡನೇ ಅಲೆ ಎಂದರು. ಸಾಲಿ ಮತ್ತೆ ಮುಚ್ಚಿತು. ಆಮೇಲೆ ಸುದ್ದಿ ಬಂತು: ಹತ್ತನೆಯವರಿಗೆ ಬೋರ್ಡ್ ಪರೀಕ್ಷೆಯೇ ಇಲ್ಲ. ನಾನು ಓಡಿಹೋಗಿ ತುಪ್ಪದ ದೀಪ ಹಚ್ಚಿದೆ, ಸಕ್ಕರೆ ಹಂಚಿದೆ, ಕಡ್ಡಿಯ ದಿನದಿಂದ ದೂರವೇ ಇದ್ದ ವೈನಿಗೂ ಕಿಟಕಿಯಲ್ಲಿ ಕೊಟ್ಟೆ. ಸಂಜೆ ಮಗಳು ಪೂರ್ತಿ ಸುದ್ದಿ ಹೇಳಿದಳು. ದೊಡ್ಡ ಪರೀಕ್ಷೆ ಇಲ್ಲ ಎಂದರೆ ವರ್ಷವೆಲ್ಲ ನಡೆದ ಸಣ್ಣ ಪರೀಕ್ಷೆಗಳ ಅಂಕವೇ ಅಂಕ. ಗಣಿತದಲ್ಲಿ ಅವಳ ಹೆಸರಿನ ಮುಂದೆ ಎರಡು ಸೊನ್ನೆ. ನಾನು ನನ್ನ ಕೈಯಾರೆ ಹಾಕಿದ ಸೊನ್ನೆಗಳಿಗೆ ತುಪ್ಪದ ದೀಪ ಹಚ್ಚಿ ಬಂದಿದ್ದೆ.

ಅಂಕ ಕಡಿಮೆ ಇದ್ದವರಿಗೆ ಸರ್ ಫೋನಿನಲ್ಲೇ ಬಾಯಿಮಾತಿನ ಪರೀಕ್ಷೆ ಇಟ್ಟರು, ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಇದೂ ತಪ್ಪಿದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿ ಕಳಿಸಿದ್ದರು. ಮುಕಾದಮ ಎರಡು ಸಲ ನಮ್ಮವರನ್ನು ಕೇಳಿದ್ದ. ಆ ಕೂಸು ಈಗ ನಡೆಯಲು ಕಲಿತು ಮನೆಯೆಲ್ಲ ಓಡುತ್ತಿದೆಯಂತೆ. ಪರೀಕ್ಷೆ ಗುರುವಾರ ಒಂಬತ್ತು ಗಂಟೆಗೆ. ಹುಡುಗಿ ಬುಧವಾರ ಮುಟ್ಟಾದಳು.

ಬುಧವಾರವೆಲ್ಲ ನಾನು ಬೇರೆ ದಾರಿ ಹುಡುಕಿದೆ. ವೈನಿಯ ಖೋಲಿಯಲ್ಲಿ ಕೂರಿಸಲೇ ಎಂದು ಕೇಳಿದರೆ, "ನಿಮ್ಮ ಹುಡುಗಿ ಚಲೋನ ಅದಾಳ್ರಿ ಅಕ್ಕಾರ, ಆದ್ರ ಈಗ ದಿನಮಾನ ಚಲೋ ಇಲ್ಲ" ಎಂದು ಕಿಟಕಿಯಿಂದಲೇ ಹೇಳಿದರು. ಗುಡ್ಡದ ತುದಿಯ ನೀರಿನ ಟಾಕಿಯ ಹತ್ತಿರ ನೆಟ್‌ವರ್ಕ್ ಚೆನ್ನಾಗಿದೆ. ಕರ್ಫ್ಯೂ, ಅಲ್ಲಿ ಪೊಲೀಸರು ಕುರ್ಚಿ ಹಾಕಿಕೊಂಡಿದ್ದರು. ಹೊರಗೆ ಡ್ರಮ್ಮಿನ ಮೇಲೆ ನಿಲ್ಲಿಸೋಣ ಎಂದರೆ ಬಿರುಗಾಳಿ ಬೀಸುತ್ತಿತ್ತು, ಮುಂದಿನ ಸಾಲಿನ ಒಂದು ತಗಡು ಹಾರಿ ಬಂದು ನಮ್ಮ ಗಟಾರದಲ್ಲಿ ಬಿದ್ದಿತ್ತು. ಹುಡುಗಿ ಚಾಪೆಯ ಮೇಲೆ ಪುಸ್ತಕ ಹಿಡಿದು ಕುಳಿತಿದ್ದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಬೈಯಬಹುದಿತ್ತು.

ಗುರುವಾರ ಬೆಳಿಗ್ಗೆ ಮಿಂದು ಮಡಿಯಲ್ಲಿ ಬಂದು ಜಗಲಿಯ ಮುಂದೆ ನಿಂತೆ. ನನಗೆ ಮಂತ್ರ ಬರುವುದಿಲ್ಲ. ಮನೆಯವರ ಜೊತೆ ಮಾತಾಡುವ ಹಾಗೆಯೇ ಮಾತಾಡುತ್ತೇನೆ.

"ಯವ್ವಾ, ಊರಾಗಿನ ಮಂದಿ ಎಲ್ಲಾ ಹದಿನಾಲ್ಕು ದಿನ ಕ್ವಾರಂಟೈನ್ ಕುಂತಾರ. ನೀ ಮೂರು ದಿನ ಕುಂದರು. ಸಿಟ್ಟು ಬಂದ್ರ ನನ್ನ ಮ್ಯಾಗ ತೀರಿಸ್ಕೊ, ಗಣಿತದ ಮ್ಯಾಗ ಬ್ಯಾಡ."

ಹೊಸ ಕುಪ್ಪಸದ ಕಣದಲ್ಲಿ ಮೂವರನ್ನೂ ಸುತ್ತಿ, ಅಡಿಗೆಮನೆಯ ಅಕ್ಕಿಯ ಡಬ್ಬಿಯಲ್ಲಿ ಕೂರಿಸಿ ಮುಚ್ಚಳ ಹಾಕಿದೆ. ಅನ್ನಪೂರ್ಣೆಗಂತೂ ಅದು ತವರುಮನೆ. ವೆಂಕಪ್ಪನ ಫೋಟೋ ತೆಗೆಯಲು ಹೋದರೆ ಮೊಳೆ ತುಕ್ಕು ಹಿಡಿದು ಗೋಡೆಗೆ ಕಚ್ಚಿಕೊಂಡಿತ್ತು. ಬಿಟ್ಟೆ. ಆತನ ಕಣ್ಣಿನ ಮೇಲೆ ಹೇಗೂ ಅಷ್ಟು ದೊಡ್ಡ ನಾಮ ಇದೆ, ಏನು ಕಾಣುತ್ತದೆ.

"ಬಾ" ಎಂದೆ ಹುಡುಗಿಗೆ.

ಅವಳು ಎದ್ದು ಬಂದು ಒಂದು ಮೊಳ ದೂರದಲ್ಲಿ ನಿಂತಳು. "ಜಗಲಿ ಅಲ್ಲೇನವ್ವಾ ಇದು?"

"ದೇವ್ರ ಇಲ್ಲಂದ ಮ್ಯಾಗ ಅದು ಹಲಗಿ. ಮುಕಳಿ ಊರಿ ಕುಂದರು, ಒಂಬತ್ತ ಆತು."

ಫೋನು ಹಚ್ಚಿದಳು. ಮೂರು ಗೆರೆ ಬಂದವು. ಸರ್ ಅವರ ದನಿ ಬಂತು. ಅಷ್ಟರಲ್ಲಿ ಪಾಳಿ ಮುಗಿಸಿ ಮಲಗಿದ್ದ ನಮ್ಮವರು ಎದ್ದು, ಕಣ್ಣು ತಿಕ್ಕುತ್ತ ಬಂದು, ಖಾಲಿ ಜಗಲಿ ನೋಡಿದರು, ಅದಕ್ಕೆ ಮೊಣಕೈ ಊರಿ ಕುಳಿತ ಮಗಳನ್ನು ನೋಡಿದರು. ಬಾಯಿ ತೆರೆಯುವುದರೊಳಗೆ, ರೊಟ್ಟಿ ತಟ್ಟುತ್ತಿದ್ದ ನಾನು ಹಿಟ್ಟಿನ ಕೈಯಿಂದಲೇ ಅವರ ಬಾಯಿ ಮುಚ್ಚಿ ಅಡಿಗೆಮನೆಗೆ ಎಳೆದುಕೊಂಡೆ.

"ದೇವ್ರು ಎಲ್ಲಿ?" ಎಂದು ಹಿಟ್ಟಿನ ಮೀಸೆಯಲ್ಲಿ ಪಿಸುಗುಟ್ಟಿದರು.

ಡಬ್ಬಿ ತೋರಿಸಿದೆ.

"ಅವ್ವಗ ಏನ್ ಹೇಳ್ಲಿ ನಾ?"

"ನಿಮ್ಮ ಅವ್ವಗ ನೆಟ್‌ವರ್ಕ್ ಇಲ್ಲ. ಸುಮ್ನ ಕುಂದರ್ರಿ."

ಅವರು ಅಕ್ಕಿಯ ಡಬ್ಬಿಯ ಪಕ್ಕ, ಕಾವಲಿಗೆ ಕೂತವರ ಹಾಗೆ ಕುಳಿತರು. ಇಬ್ಬರೂ ಕಿವಿ ಕೊಟ್ಟು ಕೇಳಿದೆವು. ಸರ್ ಮೊದಲು ಹಿಂದಿಯಲ್ಲಿ ಕೇಳಿದರು: ಈಗ ಆರೋಗ್ಯ ಹೇಗಿದೆ, ಮತ್ತೆ ಬುಖಾರ್ ಬಂದಿಲ್ಲ ತಾನೆ?

ಹುಡುಗಿ ಹೇಳಿದಳು. "ಸರ್, ಬುಖಾರ್ ಕಭೀ ನಹೀ ಥಾ. ಪೀರಿಯಡ್ಸ್ ಥಾ. ನೆಟ್‌ವರ್ಕ್ ದೇವರ ಹತ್ತಿರ ಮಾತ್ರ ಬರುತ್ತದೆ, ಆ ದಿನಗಳಲ್ಲಿ ನಾನು ಅಲ್ಲಿ ಕೂರುವ ಹಾಗಿರಲಿಲ್ಲ." ಕಡೆಯ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಳು, ನನಗೆ ನೆಟ್‌ವರ್ಕ್, ಗಾಡ್ ಎರಡೇ ತಿಳಿದವು, ಉಳಿದದ್ದು ತಾನೇ ತಿಳಿಯಿತು. ನಾನು ಸೆರಗು ಕಚ್ಚಿಕೊಂಡೆ. ನಮ್ಮವರು ಡಬ್ಬಿಯ ಮುಚ್ಚಳ ನೋಡುತ್ತ ಕುಳಿತರು.

"ಈಗ ಎಲ್ಲಿ ಕೂತಿದ್ದೀಯ?" ಎಂದರು ಸರ್.

"ಅಲ್ಲೇ ಸರ್. ಅವ್ವ ದೇವರನ್ನು ಬೇರೆ ಕಡೆ ಕಳಿಸಿದ್ದಾಳೆ."

ಸರ್ ಕೆಮ್ಮಿದರೋ ನಕ್ಕರೋ ತಿಳಿಯಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದರು. ಅದಕ್ಕೆ ಸರ್ಟಿಫಿಕೇಟ್ ಬೇಕಾಗುವುದಿಲ್ಲ ಎಂದರು. ತಪ್ಪಿದ ಎರಡು ಪರೀಕ್ಷೆಗಳನ್ನು ನಾಳೆ ಒಂದು, ನಾಡಿದ್ದು ಒಂದು ತೆಗೆದುಕೊಳ್ಳುತ್ತೇನೆ, ಈಗ ಇವತ್ತಿನದು ಶುರು ಮಾಡೋಣ, ಮೊದಲ ಪ್ರಶ್ನೆ ಎಂದರು. ನಾನು ವರ್ಷವಿಡೀ ನಾಚಿಕೊಂಡು ಕಟ್ಟಿದ ಗೋಡೆಯನ್ನು ಅವರಿಬ್ಬರೂ ಎರಡು ಮಾತಿನಲ್ಲಿ ದಾಟಿ ಹೋಗಿಬಿಟ್ಟಿದ್ದರು.

ಹುಡುಗಿ ಕೆಲವಕ್ಕೆ ಉತ್ತರ ಹೇಳಿದಳು, ಕೆಲವಕ್ಕೆ "ಸಾರಿ ಸರ್" ಎಂದಳು. ಒಂದಕ್ಕೆ ಜೋರಾಗಿ ಉತ್ತರ ಹೇಳಿ ಹಲಗೆಯ ಮೇಲೆ ಗುದ್ದಿದಳು, ಮಂಗಳಾರತಿಯ ತಟ್ಟೆ ಕೆಳಗೆ ಬಿತ್ತು. ನಾನು ಹೋಗಿ ಎತ್ತಲಿಲ್ಲ.

ದೇವರು ಮೂರು ದಿನ ಅಕ್ಕಿಯಲ್ಲೇ ಇದ್ದರು. ನಾನು ಅಡಿಗೆಗೆ ಅಕ್ಕಿ ತೆಗೆಯುವಾಗಲೆಲ್ಲ "ಸ್ವಲ್ಪ ಸರೀರಿ" ಎಂದು ಹೇಳಿ ತೆಗೆದೆ. ಮೂರೂ ಪರೀಕ್ಷೆ ಮುಗಿದ ಮರುದಿನ ಹುಡುಗಿ ತಲೆಗೆ ಎರೆದುಕೊಂಡು, ತಾನೇ ಅವರನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಫಳಫಳ ಮಾಡಿ ಕೂರಿಸಿದಳು. ಯಾರ ಮುಖದಲ್ಲೂ ಸಿಟ್ಟು ಕಾಣಲಿಲ್ಲ. ಮುಂದಿನ ತಿಂಗಳು ಅವಳಿಗೆ ಕ್ಲಾಸ್ ಇರಲಿಲ್ಲ, ಆದರೂ ಗೆಳತಿಗೆ ಫೋನು ಮಾಡಲು ಆ ದಿನಗಳಲ್ಲೇ ಸ್ಟೂಲು ಎಳೆದುಕೊಂಡು ಜಗಲಿಯ ಹತ್ತಿರ ಕುಳಿತಳು. ಡಬ್ಬಿ ತೆರೆಯಲು ಎದ್ದವಳು ಸೊಂಟ ನೋಯುತ್ತಿತ್ತೆಂದು ಹಾಗೇ ಕುಳಿತೆ. ದೇವರು ಕೂಡ ಅಲ್ಲೇ ಕುಳಿತಿದ್ದರು. ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಅತ್ತೆಗೆ ಇವತ್ತಿನವರೆಗೂ ಹೇಳಿಲ್ಲ. ಇದನ್ನು ಬರೆಯುವಾಗ ಒಂದು ಹೆದರಿಕೆಯಾಯಿತು, ಆದರೆ ಅವರಿಗೆ ಓದಲು ಬರುವುದಿಲ್ಲ. ಅದೂ ದೇವಿಯ ದಯೆ.

ಫಲಿತಾಂಶ ಮಳೆಗಾಲದಲ್ಲಿ ಬಂತು. ಗಣಿತದಲ್ಲಿ ಅಂಚಿಗೆ ಹತ್ತಿ ಪಾಸಾಗಿದ್ದಳು, ಉಳಿದದ್ದರಲ್ಲಿ ಚಲೋ ಪಾಸಾಗಿದ್ದಳು. ನಮ್ಮವರು ಫೋನಿನಲ್ಲಿ ಅದನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ, ತಿರುಗಿಸಿ ನೋಡಿದರು. "ಪಾಸ್ ಅಂತ ಎಲ್ಲಿ ಬರದಾರ?" ಎಂದು ಎರಡು ಸಲ ಕೇಳಿದರು. ಮಗಳು ಬೆರಳಿಟ್ಟು ತೋರಿಸಿದಳು.

ಸ್ವಲ್ಪ ಹೊತ್ತಿಗೆ ಗುಂಡಿಯ ಫೋನಿಗೆ ಮುಕಾದಮನ ಕರೆ ಬಂತು, ಬರೀ ಮಾತಿಗೆ ಅದರ ನೆಟ್‌ವರ್ಕ್ ಬಾಗಿಲವರೆಗೂ ಸಾಕಾಗುತ್ತಿತ್ತು. ನಮ್ಮವರು ಬಾಗಿಲಲ್ಲಿ ನಿಂತು, ಬಂದರಿನ ಗದ್ದಲದಲ್ಲಿ ಮಾತಾಡಿ ರೂಢಿಯಾದ ದೊಡ್ಡ ದನಿಯಲ್ಲಿ ಹೇಳಿದರು. "ಇಲ್ರಿ ಸಾಹೇಬ್ರ, ನಮ್ಮ ಹುಡುಗಿ ಬರಂಗಿಲ್ರಿ. ಹನ್ನೊಂದನೇತ್ತಾಕ ಹೆಸರು ಹಚ್ಚೇವಿ. ಹೌದ್ರಿ. ಹಚ್ಚಿ ಆತ್ರಿ."

ಹೆಸರು ಹಚ್ಚಿರಲಿಲ್ಲ. ಯಾವ ಕಾಲೇಜು ಎಂದೂ ಯೋಚಿಸಿರಲಿಲ್ಲ. ಹುಡುಗಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮರುದಿನ ಅವರು ಕೆಲಸಕ್ಕೆ ಹೋಗದೆ, ಮಳೆಯಲ್ಲಿ ಕೊಡೆ ಹಿಡಿದು ಹೋಗಿ ಫಾರ್ಮು ತಂದರು. ಬರೆಯುವಾಗ ತಪ್ಪಾದರೆ ಇರಲಿ ಎಂದು ಎರಡು ತಂದಿದ್ದರು.